ತಟ್ಟೆಯಲ್ಲಿ ಮಾತ್ರ

ನಮ್ಮ ಚನ್ನಪಟ್ಟಣದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ, ಕೀಲಿನ ಮೆತ್ತೆಯಂತಿರುವ ಮೃದ್ವಸ್ಥಿಯ ಜೀವಕೋಶಗಳನ್ನು ಬೆಂಗಳೂರಿನ ಲ್ಯಾಬಿನಲ್ಲಿ ಗಾಜಿನ ತಟ್ಟೆಯೊಳಗೆ ಬೆಳೆಸುತ್ತಿದ್ದಳು. ಯಾವ ವಿಟಮಿನ್‌ಗೆ ಅವು ಬೆಳೆಯುತ್ತವೆ, ಯಾವುದಕ್ಕೆ ಕೆಡುತ್ತವೆ ಎಂದೆಲ್ಲ ಹೇಳಿ, ಪ್ರತಿಸಲವೂ ಬೆರಳೆತ್ತಿ, "ತಟ್ಟೆಯಲ್ಲಿ ಮಾತ್ರ, ಆಂಟಿ" ಅನ್ನುವಳು.

ಅತ್ತೆಯ ಮಂಡಿ ಆಪರೇಷನ್ನಿಗೆ ದಿನ ಗೊತ್ತು ಮಾಡಿದ್ದೆವು. ಆಗ ಮಾತ್ರೆ ಮಾರುವವನೊಬ್ಬ ಬಂದು, "ಈ ಮಾತ್ರೆಗೆ ಕೀಲಿನ ಮೆತ್ತೆ ಲ್ಯಾಬಲ್ಲೇ ಬೆಳ್ದೈತೆ ಕಣವ್ವ, ಕಾಲು ಯಾಕೆ ಕುಯ್ಸ್ಕೊತೀಯ?" ಎಂದು ಫೋಟೊ ತೋರಿಸಿದ. ಹುಡುಗಿ ಮೆಟ್ಟಿಲಿಳಿದು ಬಂದು ನೋಡಿದಳು.

"ಇದು ತಟ್ಟೆ ಅಜ್ಜಿ, ಮಂಡಿಯಲ್ಲ."

"ನೀನೇನು ಡಾಕ್ಟ್ರೇನವ್ವಾ?" ಅಂದ ಅವನು.

"ಅಲ್ಲ."

ಅವಳಾಡಿದ್ದರಲ್ಲಿ ಅತ್ತೆ ನಂಬಿದ್ದು ಅದೊಂದನ್ನೇ. ಆಪರೇಷನ್ ಬೇಡವೆಂದುಬಿಟ್ಟರು.

ಈಗ ಬಚ್ಚಲಿಗೂ ಗೋಡೆ ಹಿಡಿದು ಹೋಗುತ್ತಾರೆ. ನೋಡಿದಾಗೆಲ್ಲ ಆ ಮಾತ್ರೆಯವನ ಮೇಲೆ ನನಗೆ ಮೈ ಉರಿಯುತ್ತದೆ. ಆ ದಿನ ತುಟಿ ಬಿಚ್ಚದೆ ಅಲ್ಲೇ ನಿಂತಿದ್ದೆ. ಅವನಿಗೆ ಕಾಫಿ ಕೊಟ್ಟವಳೂ ನಾನೇ.