ಎರಡೂ ಮಗ್ಗಲಿಗೆ ಎಣ್ಣೆ

ಮಳೆಗಾಲ ಹತ್ತಿರವಾಗುತ್ತಿದ್ದಂತೆ ಬೀದರಿನ ನನ್ನ ಮನೆಯಲ್ಲಿ ಒಗ್ಗರಣೆಯ ಘಮವನ್ನೂ ಮೀರಿ ಅಗಸೆ ಎಣ್ಣೆಯ ವಾಸನೆ ಹಬ್ಬಿರುತ್ತದೆ. ಕಿಟಕಿಯ ಸಾಗವಾನಿ ಕದಗಳನ್ನು ಬಿಡಿಸಿ, ಅಂಗಳದಲ್ಲಿ ಮಲಗಿಸಿ, ಉಸುಕಿನ ಕಾಗದದಿಂದ ತಿಕ್ಕಿ, ಅವಕ್ಕೆ ಎಣ್ಣೆ ಕುಡಿಸುವುದು ನನ್ನ ವರ್ಷದ ವ್ರತ. "ಒಮ್ಮಿ ಪೇಂಟ್ ಹೊಡಸಿ ಬಿಡ್ರಿ ಅಕ್ಕಾರ, ಯಾಕ ವರ್ಷಾ ಒದ್ದಾಡ್ತೀರಿ?" ಎಂದು ಅಂಗಡಿಯವರು ನಗುತ್ತಾರೆ. ಬಣ್ಣದ ಚೆಲುವನ್ನು ನಾನು ಅಲ್ಲಗಳೆಯುವವಳಲ್ಲ, ಓದುಗ ಮಿತ್ರರೇ. ಆದರೆ ಅದು ಕಟ್ಟಿಗೆಯ ಮೇಲೆ ಅಂಗಿಯಂತೆ ಕೂತಿರುತ್ತದೆ. ನಮ್ಮ ಸೀಮೆಯ ಬಿಸಿಲಿಗೆ ಬಿರಿದು ಸಿಪ್ಪೆ ಏಳುತ್ತದೆ. ಎಣ್ಣೆಯಾದರೋ ನಾರುನಾರಿಗೆ ಇಳಿದು ಕಟ್ಟಿಗೆಯೇ ಆಗಿಬಿಡುತ್ತದೆ. ಹೀಗೆಂದು ನನಗೆ ತೋರಿಸಿಕೊಟ್ಟವಳು ಅವ್ವ, ಅದೂ ಬರಗಾಲದಲ್ಲಿ.

ಭಾಲ್ಕಿ ತಾಲೂಕಿನ ಭಾತಂಬ್ರಾ ನಮ್ಮೂರು. ಆ ವರ್ಷ ಬಾವಿಗಳ ತಳ ಕಂಡಿತ್ತು. ಕೂಲಿ ಎಂಬುದು ಮಾತಿಗಷ್ಟೇ ಉಳಿದಿತ್ತು. ಓಣಿಯ ಜನ ಗಂಟು ಕಟ್ಟಿಕೊಂಡು ಹೈದರಾಬಾದಿನ ಬಸ್ಸು ಹತ್ತತೊಡಗಿದ್ದರು. ಹೊರಟವರ ಬಾಗಿಲು, ಕಿಟಕಿಗಳನ್ನು ದುಡ್ಡು ಕೊಟ್ಟು ಕಿತ್ತೊಯ್ಯಲು ಕಟ್ಟಿಗೆ ವ್ಯಾಪಾರಿಯೊಬ್ಬ ಬಂಡಿ ಹೂಡಿಕೊಂಡು ಬಂದ. ಅಪ್ಪನ ಮನಸ್ಸು ವಾಲಿತ್ತು.

"ಖಿಡಕಿ ಮಾರಿದ್ರ ಮನಿಗಿ ಕಣ್ಣ ಇರಂಗಿಲ್ರಿ," ಎಂದಳು ಅವ್ವ. "ಹೊಳ್ಳಿ ಬರೋರು ನಾವು. ಕುರುಡ ಮನಿಗಿ ಹ್ಯಾಂಗ ಬರೋದು?"

ವ್ಯಾಪಾರಿ ಮುಂದಿನ ಮನೆಗೆ ಹೋದ. ಅವ್ವ ಅಷ್ಟಕ್ಕೇ ಬಿಡಲಿಲ್ಲ. ಅವಳ ತವರು ಔರಾದ ಕಡೆಯ ಠಾಣಾ ಕುಶನೂರ. ಅಲ್ಲಿ ಅವಳಪ್ಪ ಬಂಡಿ ತಯಾರಿಸುತ್ತಿದ್ದವನು, ಬಿಸಿಲು ಮಳೆಯಲ್ಲೇ ಬಾಳುವ ಗಾಲಿಗಳಿಗೆ ಅಗಸೆ ಎಣ್ಣೆ ಉಣಿಸುತ್ತಿದ್ದವನು. ಬೀದರಿನ ಕೆಂಪು ಮಣ್ಣನ್ನು ಹಳೆಯ ಸೀರೆಯಲ್ಲಿ ಸೋಸಿ, ಅಡುಗೆಗೆಂದು ಉಳಿದಿದ್ದ ಅಗಸೆ ಎಣ್ಣೆಯಲ್ಲಿ ಕಲಸಿ, ಅವಳು ಕಿಟಕಿಯ ಮುಂದೆ ಕುಳಿತಳು.

"ಉಣ್ಲಾಕ ಎಣ್ಣಿ ಇಲ್ಲ, ಕಟ್ಟಿಗಿಗಿ ಕುಡಸ್ತಿ?" ಅಪ್ಪ ರೇಗಿದ.

"ನಾವು ಹೋದಲ್ಲಿ ದುಡದು ಉಣ್ತೇವ್ರಿ. ಇದು ಎಲ್ಲಿಗಿ ಹೋಗಬೇಕು?"

ತೆಳುವಾಗಿ ಸವರಿ, ದಿನಗಟ್ಟಲೆ ಒಣಗಿಸಿ, ಮತ್ತೆ ಸವರಿದಳು. ನೀರು ಏರುವುದು ಕೆಳಗಿನಿಂದಲೇ ಎಂದು ಕದದ ತಳದ ಅಂಚಿಗೆ ಬೆರಳಿನಿಂದ ಒತ್ತಿ ಒತ್ತಿ ತುಂಬಿದಳು. ಬಿಟ್ಟು ಹೋಗುವ ಮನೆಗೆ ಸಿಂಗಾರವೇ ಎಂದು ಓಣಿ ನಕ್ಕಿತು. ಆ ಕೆಲಸ ಮುಗಿದ ಮರುದಿನ ನಾವು ಹೊರಟೆವು. ಹೈದರಾಬಾದಿನಲ್ಲಿ ಪರರ ಮಹಡಿಗಳಿಗೆ ಅಪ್ಪ ಗಚ್ಚು ಕಲಸಿದ, ಅವ್ವ ಇಟ್ಟಿಗೆ ಹೊತ್ತಳು.

ಮಳೆ ತಿರುಗಿ ಬಂದ ವರ್ಷ ನಾವೂ ತಿರುಗಿ ಬಂದೆವು. ಓಣಿಯ ಗೋಡೆಗಳಲ್ಲಿ ಕಿಟಕಿ ಇದ್ದೆಡೆ ಕಲ್ಲು, ಮುಳ್ಳುಕಂಟಿ ತುರುಕಿದ್ದರು. ಮಾರದೆ ಉಳಿದ ಕದಗಳು ಸೊಟ್ಟಗಾಗಿ ಸೀಳು ಬಿಟ್ಟಿದ್ದವು. ನಮ್ಮವು ಪಡುವಣದ ಬಿಸಿಲಿಗೆ ಬಣ್ಣ ಕಳೆದುಕೊಂಡಿದ್ದವು, ನಿಜ. ಆದರೆ ಅಪ್ಪ ತಳ್ಳಿದೊಡನೆ ಹಗುರಾಗಿ ತೆರೆದುಕೊಂಡವು. ಅವನು ಕದದ ಮೇಲೆ ಅಂಗೈ ಆಡಿಸಿದ. ಹೆಂಡತಿಯನ್ನು ಎದುರಿಗೆ ಎಂದೂ ಹೊಗಳದವನು ಓಣಿಗೆಲ್ಲ ಕೇಳುವಂತೆ ಕೂಗಿದ: "ಬರ್ರಿ, ನೋಡ್ರಿ! ನಮ್ಮಾಕಿ ಕೈಗುಣ ನೋಡ್ರಿ!" ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು, ಬೆವರೇ ಇರಲಿಲ್ಲ.

ಅಂದಿನಿಂದ ಅವಳಿಗೆ ಕರೆಗಳು ಬಂದವು. ಹೊಸ ಕಿಟಕಿ ಕೂರಿಸಿದ ಓಣಿಯವರೆಲ್ಲ ಅವಳ ಕೈಯಿಂದಲೇ ಎಣ್ಣೆ ಹಚ್ಚಿಸಿದರು. ಕೊನೆಗೆ ಊರ ನಡುವಿನ ದೊಡ್ಡ ಮನೆಯಿಂದಲೂ ಆಳು ಬಂದ. ನಾವು ಬೌದ್ಧರಾದ ದಲಿತರು, ನಮ್ಮ ಓಣಿಯವರು ತಲೆಮಾರುಗಳಿಂದ ಆ ಮನೆಯ ಹೊಲದಲ್ಲಿ ದುಡಿದವರು, ಅದರ ಹೊಸ್ತಿಲನ್ನು ಮಾತ್ರ ದಾಟಿದವರಲ್ಲ. ಅವ್ವನೊಡನೆ ನಾನೂ ಹೋದೆ. ಕಿಟಕಿ ಕದಗಳ ಹೊರಮೈಗೆ ಎಣ್ಣೆ ಹಚ್ಚಿ ಮುಗಿಸಿ ಅವಳು ಅಂಗಳದಲ್ಲಿ ನಿಂತಳು. ಯಜಮಾನರು ಕಟ್ಟೆಯ ಮೇಲಿಂದ, "ಆಯ್ತಲ್ಲ, ಇನ್ನ ಹೋಗು" ಎಂದರು.

"ಇಲ್ರಿ, ಅರ್ಧಾ ಆಗ್ಯಾದ," ಎಂದಳು ಅವ್ವ. "ಕದಕ್ಕ ಎರಡೂ ಮಗ್ಗಲ ಕುಡಸಬೇಕ್ರಿ. ಹೊರಗ ಅಷ್ಟೇ ಹಚ್ಚಿ ಒಳಗ ಬಿಟ್ರ ಬಾಗ್ತದ."

"ಒಳಗಿಂದು ನಮ್ಮ ಮನಿಯವರು ಹಚ್ತಾರ."

"ಹಂಗಾದ್ರ ಹೊರಗಿಂದೂ ಅವರೇ ಹಚ್ಚಬೇಕಾಗಿತ್ರಿ. ಅರ್ಧಾ ಕೆಲಸಕ್ಕ ನನ್ನ ಹೆಸರ ಹೇಳಬ್ಯಾಡ್ರಿ."

ಅವ್ವನ ದನಿ ಏರಲಿಲ್ಲ, ಕಣ್ಣು ಕೆಳಗಿಳಿಯಲಿಲ್ಲ. ಆಗ ಒಳಗಿನಿಂದ ಯಜಮಾನರ ವಯಸ್ಸಾದ ತಾಯಿ ಬಾಗಿಲಿಗೆ ಬಂದರು. ಹೊಳೆಯುತ್ತಿದ್ದ ಕದಗಳನ್ನು ನೋಡಿದರು, ಮಗನನ್ನು ನೋಡಿದರು. "ಬಾರವ್ವಾ, ಒಳಗ ಬಾ," ಎಂದರು.

ಆಳು ಹಿತ್ತಲ ದಾರಿಯತ್ತ ಕೈ ತೋರಿದ. ಅವ್ವ ಅತ್ತ ತಿರುಗಲಿಲ್ಲ. ಎಣ್ಣೆಯ ಗಡಿಗೆಯನ್ನು ಸೊಂಟಕ್ಕೇರಿಸಿ ಮುಂಬಾಗಿಲಿನಿಂದಲೇ ನಡೆದಳು. ನಾನು ಅವಳ ಬೆನ್ನಿಗೇ ಇದ್ದೆ. ಆ ಎತ್ತರದ ಹೊಸ್ತಿಲನ್ನು ತಲೆ ಎತ್ತಿಕೊಂಡೇ ದಾಟಿದೆ.