ಎಂಬತ್ತೈದು ಕಿಲೋ ನೂರು ಗ್ರಾಂ

ನಾನು ನಿಂತದ್ದು ತೂಕದ ಯಂತ್ರದ ಎಡಕ್ಕೆ, ಎರಡು ಹೆಜ್ಜೆ ದೂರದಲ್ಲಿ, ಬೆನ್ನು ಗೋಡೆಗೆ ಹಚ್ಚಿ. ನವಲಗುಂದದ ಹೈಸ್ಕೂಲ್ ಮೈದಾನದ ಹಿಂದೆ ಆಟದ ಸಾಮಾನು ಇಡುವ ಕೋಣೆ ಅದು. ಎರಡು ವರ್ಷದ ಹಿಂದೆ, ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ಮರುದಿನ, ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷ ಇತ್ತು. ಕೋಣೆಗೆ ಕಿಟಕಿ ಒಂದೇ, ನನ್ನ ಬಲಕ್ಕೆ. ಬಿಸಿಲು ಯಂತ್ರದ ಮೇಲೆ ಬೀಳುತ್ತಿರಲಿಲ್ಲ, ಅಂಕಿ ಚೆನ್ನಾಗಿ ಕಾಣುತ್ತಿದ್ದವು. ಇದನ್ನೆಲ್ಲ ಮೊದಲೇ ಬರೆದಿಡುತ್ತೇನೆ, ಯಾಕೆಂದರೆ ಆ ದಿನದ ಬಗ್ಗೆ ನನಗೆ ಖಾತ್ರಿ ಇರುವುದು ಇಷ್ಟೇ.

ನಾನು ಮೂವತ್ತೊಂದು ವರ್ಷ ಹತ್ತಿ ಮಾರುಕಟ್ಟೆಯಲ್ಲಿ ತೂಕ ಹಾಕಿದವನು. ರೈತ ತಂದ ಅಂಡಿಗೆಯನ್ನು, ಅಂದರೆ ಹತ್ತಿ ತುಂಬಿದ ದೊಡ್ಡ ಚೀಲವನ್ನು, ತೂಕದ ಕಾಟಾದ ಮೇಲೆ ಇಡಿಸಿ, ಅಂಕಿ ನಿಂತ ಮೇಲೆ ಕೂಗಿ ಹೇಳುವುದು ನನ್ನ ಕೆಲಸವಾಗಿತ್ತು. ಕೂಗಿದ್ದನ್ನು ರೈತನೂ ಒಪ್ಪಬೇಕು, ಖರೀದಿದಾರನೂ ಒಪ್ಪಬೇಕು. ಅದಕ್ಕೇ ಕಾಟಾದ ಕೆಳಗೆ ಒಂದು ಹಳೆಯ ಗೋಣಿಚೀಲ ಸಿಕ್ಕಿಕೊಂಡಿದ್ದರೂ ನಾನು ತೂಕ ಹಾಕಲು ಬಿಡುತ್ತಿರಲಿಲ್ಲ. ಹಮಾಲರು ನಗುತ್ತಿದ್ದರು. ಚಾಚಾ ತನ್ನ ಕಾಟಾಕ್ಕೆ ನಮಾಜಿಗಿಂತ ಹೆಚ್ಚು ನೆಲ ಒರಸುತ್ತಾನೆ ಎನ್ನುತ್ತಿದ್ದರು.

ಆ ವರ್ಷ ನಮ್ಮ ತಾಲೂಕಿನ ಜಿನ್ನಿಂಗ್ ಮಿಲ್ಲಿನ ಸಾಹುಕಾರರು ಕರಾವಳಿಯ ಒಂದು ಕಬಡ್ಡಿ ತಂಡವನ್ನು ಕೊಂಡು ನವಲಗುಂದಕ್ಕೆ ತಂದರು. ಸಂಬಳಕ್ಕೆ ಆಡುವ ಹುಡುಗರು; ಸಣ್ಣ ಊರುಗಳ ಒಂದು ಲೀಗು. ಹಳೆಯ ಒಡೆಯ ಕೈಬಿಟ್ಟಿದ್ದ. ಇಲ್ಲಿಯ ಜನಕ್ಕೆ ಕಬಡ್ಡಿಯ ಹುಚ್ಚು ಇದೆ, ಮೈದಾನ ತುಂಬುತ್ತದೆ ಎಂದು ಸಾಹುಕಾರರ ಲೆಕ್ಕಾಚಾರ. ಮೈದಾನ ತುಂಬಿತು, ಆದರೆ ಒಂದೇ ಸಲ.

ಸಾಹುಕಾರರಿಗೆ ನಾನು ಮಾರುಕಟ್ಟೆಯಿಂದ ಪರಿಚಿತ. ಆ ಲೀಗಿನಲ್ಲಿ ಎಂಬತ್ತೈದು ಕಿಲೋ ಮೀರಿದವನು ಆಡುವಂತಿಲ್ಲ. ಪ್ರತಿ ಪಂದ್ಯದ ಮೊದಲು ಲೀಗಿನ ಅಧಿಕಾರಿ ಒಂದು ಚಪ್ಪಟೆ ಎಲೆಕ್ಟ್ರಾನಿಕ್ ಯಂತ್ರ ತಂದು ಎಲ್ಲರನ್ನೂ ತೂಗುತ್ತಾರೆ, ಊರಿನ ಒಬ್ಬ ಸಾಕ್ಷಿಯಿಂದ ಸಹಿ ಹಾಕಿಸಿಕೊಳ್ಳುತ್ತಾರೆ. ತೂಗಿಯೇ ಮುದುಕರಾದವರು ನೀವು, ಅಲ್ಲಿಯೂ ನೀವೇ ನಿಲ್ಲಿರಿ ಎಂದು ಸಾಹುಕಾರರು ಹೇಳಿದರು. ನಾನು ಒಪ್ಪಿದೆ. ಖುಷಿಯೂ ಆಯಿತು.

ಆ ಸಾಮಾನು ಕೋಣೆಯ ನೆಲ ಒಡೆದ ಶಹಾಬಾದಿ ಕಲ್ಲಿನದು, ಸಂದಿನಲ್ಲೆಲ್ಲ ಎರೆಮಣ್ಣು. ಪರಸ್ಥಳದ ಹುಡುಗರು ಬರಿಗಾಲಲ್ಲಿ ಅದರ ಮೇಲೆ ನಿಲ್ಲಬೇಕು. ನನ್ನ ಹೆಂಡತಿ ಮದುವೆಯಾಗಿ ಬಂದಾಗಿನಿಂದ ಮಗ್ಗದ ಮುಂದೆ ಕೂತು ಜಮಖಾನ ನೇಯುವವಳು. ಪಗಡಿ ಆಟದ ಹಾಸಿನ ಚಿತ್ರವಿದ್ದ ಹೊಸದೊಂದು ಮನೆಯಲ್ಲಿತ್ತು. ಬಂದವರಿಗೆ ಜಮಖಾನ ಹಾಸದೆ ನಿಲ್ಲಿಸುವುದು ನಮ್ಮ ಊರಿನಲ್ಲಿ ಇಲ್ಲ. ಮೊದಲ ಪಂದ್ಯದ ದಿನ ಅದನ್ನು ಹೆಗಲ ಮೇಲೆ ಹೊತ್ತು ತಂದು, ಮಡಚು ಬಿಡಿಸಿ ಹಾಸಿದವನು ನಾನೇ. ಅಧಿಕಾರಿ ಚಲೋ ಆಯಿತು ಎಂದು ಹೇಳಿ ಯಂತ್ರವನ್ನು ಅದರ ನಡುವೆ ಇಟ್ಟರು. ಎಲ್ಲರೂ ಜಮಖಾನ ಹೊಗಳಿದರು. ನಾನು ಮನೆಗೆ ಹೋಗಿ ಅವಳಿಗೆ ಹೇಳಿದೆ.

ಅವತ್ತು ನಮ್ಮ ತಂಡದ ನಾಯಕ ಯಂತ್ರದ ಮೇಲೆ ಹತ್ತಿದಾಗ ಮಿತಿಗಿಂತ ಇನ್ನೂರು ಗ್ರಾಂ ಹೆಚ್ಚು ತೋರಿಸಿತು. ಅವನು ನಂಬಲಿಲ್ಲ. ಮೂವತ್ತಮೂರು ವರ್ಷದ ಕರಾವಳಿಯ ಮನುಷ್ಯ, ದೊಡ್ಡ ಮೈ, ಮೆಲು ದನಿ. ದಾಳಿಗೆ ಬಂದವನ ಕಣಕಾಲು ಹಿಡಿದು ಕೆಡವುವುದು ಅವನ ಕೆಲಸ. ಬೆಳಿಗ್ಗೆ ಔಷಧಿ ಅಂಗಡಿಯಲ್ಲಿ ನೋಡಿದಾಗ ಕಡಿಮೆಯೇ ಇತ್ತು ಎಂದ. ಮೈದಾನ ಸುತ್ತಿ ಬೆವರಿಳಿಸಿ ಮತ್ತೆ ಹತ್ತಿದ. ಆಗ ಸರಿ ಬಂತು, ಆಡಿದ. ಆದರೆ ಸಾಹುಕಾರರ ಮ್ಯಾನೇಜರ್ ಅದನ್ನು ಕಾಗದದಲ್ಲಿ ಬರೆಸಿಕೊಂಡ. ಇನ್ನೊಮ್ಮೆ ತೂಕ ಮೀರಿ ಪಂದ್ಯ ತಪ್ಪಿದರೆ ಕರಾರು ಮುಗಿಯಿತು. ಆ ವಯಸ್ಸಿನವನನ್ನು ಬೇರೆ ಯಾವ ತಂಡವೂ ತೆಗೆದುಕೊಳ್ಳುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅಂದಿನಿಂದ ಅವನು ಉಣ್ಣುವುದನ್ನು ಬಿಟ್ಟ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಊರಿನ ಹಿರಿಯರು ಸೇರಿ, ಆಟಗಾರರು ಖಾನಾವಳಿಯಲ್ಲಿ ಉಣ್ಣುವುದು ಬೇಡ, ಮನೆ ಮನೆಗೆ ಪಾಳಿ ಹಚ್ಚೋಣ ಎಂದು ನಿರ್ಧರಿಸಿದ್ದರು. ಇವತ್ತು ಈ ಓಣಿ, ನಾಳೆ ಆ ಓಣಿ. ಲಿಂಗಾಯತರ ಮನೆಯಲ್ಲಿ ಗೋದಿ ಹುಗ್ಗಿ, ನಮ್ಮ ಓಣಿಯಲ್ಲಿ ಬಿರಿಯಾನಿ. ಉಳಿದ ಹುಡುಗರು ತಿಂದು ದಪ್ಪಗಾಗುತ್ತಿದ್ದರು; ಅವರು ಮೊದಲಿಗೆ ತೆಳ್ಳಗಿದ್ದವರು, ನಡೆಯುತ್ತಿತ್ತು. ನಾಯಕ ಮಾತ್ರ ಅರ್ಧ ರೊಟ್ಟಿ ತಿಂದು ತಾಟಿನ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದ. ನಮ್ಮಲ್ಲಿ ಕೈ ಅಡ್ಡ ಹಿಡಿದರೆ ಇನ್ನೆರಡು ಬಡಿಸಿರಿ ಎಂದು ಅರ್ಥ. ಬಡಿಸಿದ್ದನ್ನು ಅವನು ಹಾಗೇ ಬಿಟ್ಟು ಏಳುತ್ತಿದ್ದ. ಯಾಕೆಂದು ಹೇಳುತ್ತಿರಲಿಲ್ಲ. ತೂಕದ ಮಾತು ಹೊರಗೆ ಹೋಗಬಾರದೆಂದು ಮ್ಯಾನೇಜರ್ ಎಲ್ಲರಿಗೂ ತಾಕೀತು ಮಾಡಿದ್ದ, ನನಗೂ.

ನಮ್ಮ ಮನೆಯ ಪಾಳಿ ಬಂದ ದಿನವೂ ಹಾಗೇ ಆಯಿತು. ನನ್ನ ಹೆಂಡತಿ ಬಾಗಿಲ ಮರೆಯಿಂದ ತಾಟು ನೋಡಿದಳು. ಮನೆಯಲ್ಲಿ ನಾವು ಆಡುವುದು ಉರ್ದು. ಕನ್ನಡದಲ್ಲಿ ಬರೆಯುವುದಾದರೆ ಅವಳು ಅಂದದ್ದು ಇಷ್ಟು: ‘ನನ್ನ ಜಮಖಾನದ ಮ್ಯಾಲೆ ನಿಲ್ಲಾಕ ಆಗತೈತಿ, ನನ್ನ ಕೈಯಾಂದು ಉಣ್ಣಾಕ ಆಗೂದಿಲ್ಲ.’ ನಾನು ಕಾರಣ ಹೇಳಲಿಲ್ಲ. ತಾಕೀತು ಇತ್ತಲ್ಲ.

ಹೀಗೆ ಊರು ಮುನಿಸಿಕೊಂಡಿತು. ಜೊತೆಗೆ ತಂಡ ಸೋಲುತ್ತ ಹೋಯಿತು. ಕರಾವಳಿಯವರು, ತಮಿಳರು, ಹರಿಯಾಣದ ಇಬ್ಬರು. ಒಬ್ಬರ ಕೂಗು ಒಬ್ಬರಿಗೆ ತಿಳಿಯುತ್ತಿರಲಿಲ್ಲ. ಬಯಲುಗಾಳಿಗೆ ಎರೆಮಣ್ಣಿನ ಧೂಳು ಮ್ಯಾಟಿನ ಮೇಲೆ ಕೂತು ಕಾಲು ಜಾರುತ್ತಿತ್ತು. ಜನ ಕಡಿಮೆಯಾದರು. ಬಂದವರು ನಾಯಕನನ್ನು ಕೆಣಕಲೆಂದೇ ಬರುತ್ತಿದ್ದರು. ಅವನ ಕೈಯಿಂದ ಒಬ್ಬ ದಾಳಿಗಾರ ಜಾರಿ ಹೋದಾಗ ಕಟ್ಟೆಯ ಮೇಲಿಂದ ಯಾರೋ, ‘ಏ ಉಪವಾಸದಪ್ಪಾ, ಒಂದು ರೊಟ್ಟಿ ತಿಂದ ಬಾರಲೇ, ಕೈಯಾಗ ಕಸುವು ಬರ್ತೈತಿ’ ಎಂದರು. ಎಲ್ಲರೂ ನಕ್ಕರು. ಅವನಿಗೆ ಅರ್ಥವಾಗಿತ್ತು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ, ನಕ್ಕಿರಬಹುದು.

ಎಳ್ಳಮಾಸಿಯ ದಿನ ಬಾಜು ಹೊಲದವರು ಇಡೀ ತಂಡವನ್ನು ಕರೆದರು. ಆ ದಿನ ಹೊಲಕ್ಕೆ ಬುತ್ತಿ ಒಯ್ದು, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಅಲ್ಲಿಯೇ ಕೂತು ಉಣ್ಣುವುದು ನಮ್ಮ ಕಡೆಯ ರೂಢಿ. ನಮ್ಮ ಹೊಲ ಅವರದಕ್ಕೆ ಅಂಟಿಕೊಂಡೇ ಇದೆ, ಹೀಗಾಗಿ ನಾವೂ ಬುತ್ತಿ ತೆಗೆದುಕೊಂಡು ಹೋಗಿದ್ದೆವು. ನಾಯಕ ಕಡಲೆ ಬೆಳೆಯ ಬದುವಿನ ಮೇಲೆ ಒಬ್ಬನೇ ಕೂತಿದ್ದ. ಅರ್ಧ ಸಜ್ಜಿರೊಟ್ಟಿ, ಒಂದು ಚಮಚೆಯಷ್ಟು ಪುಂಡಿಪಲ್ಯ. ನೀರು ಕುಡಿಯಲಿಲ್ಲ. ಮರುದಿನ ಕಡೆಯ ಪಂದ್ಯ; ಅದಕ್ಕೇ ಎಂದು ನನಗೆ ತಿಳಿದಿತ್ತು.

ನನ್ನ ಹೆಂಡತಿ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಹೋಗಿ ಅವನ ಮುಂದೆ ನಿಂತಳು.

‘ತಮ್ಮಾ, ನಮ್ಮ ಮ್ಯಾಲೆ ಸಿಟ್ಟೈತೇನು?’

‘ಅಯ್ಯೋ ಇಲ್ಲ ಮಾರಾಯ್ರೆ.’

‘ಹಂಗಾರ ಇದೊಂದು ತಿನ್ನು.’

ಅವನು ನನ್ನ ಕಡೆ ನೋಡಿದ. ನಾನು ಕಡಲೆ ಗಿಡ ನೋಡುತ್ತ ನಿಂತೆ. ಅವನು ಹೋಳಿಗೆ ತೆಗೆದುಕೊಂಡು, ಚೂರೂ ಬಿಡದೆ ತಿಂದ, ಬೆರಳು ನೆಕ್ಕಿದ. ಬಹಳ ಚೆನ್ನಾಗಿದೆ ಎಂದ. ಅವಳು ಸಂಜೆಯವರೆಗೆ ನಗುನಗುತ್ತಿದ್ದಳು. ಆ ಹೋಳಿಗೆ ಅರವತ್ತು ಗ್ರಾಂ ಇತ್ತು, ಹೆಚ್ಚೆಂದರೆ ಎಪ್ಪತ್ತು. ಆಮೇಲೆ ಅಂಥದೇ ಒಂದನ್ನು ತೂಗಿ ನೋಡಿದ್ದೇನೆ.

ಈಗ ಆ ಕೋಣೆ. ಆರು ಜನ ಇದ್ದೆವು: ಅಧಿಕಾರಿ, ನಮ್ಮ ಕೋಚ್, ಎದುರು ತಂಡದ ಕೋಚ್, ಶಾಲೆಯ ಜವಾನ, ನಾಯಕ, ನಾನು. ನಾಯಕ ಬರೀ ಚಡ್ಡಿಯಲ್ಲಿ ನಿಂತಿದ್ದ, ಪಕ್ಕೆಲುಬು ಕಾಣುತ್ತಿದ್ದವು. ಹತ್ತಿದ. ಎಂಬತ್ತೈದು ಕಿಲೋ ನೂರು ಗ್ರಾಂ.

ಇಪ್ಪತ್ತು ನಿಮಿಷ ಸಮಯ ಕೊಟ್ಟರು. ಅವನು ಹೊರಗೆ ಓಡಿದ, ಉಗುಳಿದ, ಉಚ್ಚೆ ಹೊಯ್ದು ಬಂದ, ಮೈ ಒರಸಿಕೊಂಡ, ಕೊರಳಿನ ದಾರವನ್ನೂ ತೆಗೆದಿಟ್ಟ. ಮತ್ತೆ ಹತ್ತಿದ. ಎಂಬತ್ತೈದು ಕಿಲೋ ಮುನ್ನೂರು ಗ್ರಾಂ.

ಓಡಿ ಉಗುಳಿ ಬಂದವನ ತೂಕ ಏರುವುದಿಲ್ಲ. ಇದು ಯಾವ ಹಮಾಲನಿಗೂ ಗೊತ್ತು. ಆಗ ಮೊದಲ ಸಲ ನಾನು ಅಂಕಿ ಬಿಟ್ಟು ಕೆಳಗೆ ನೋಡಿದೆ. ಯಂತ್ರದ ಬಲಗಡೆಯ ಮುಂದಿನ ಕಾಲು ಜಮಖಾನದ ಒಂದು ಸುಕ್ಕಿನ ಮೇಲಿತ್ತು. ಉಳಿದ ಮೂರೂ ದಪ್ಪ ನೂಲಿನಲ್ಲಿ ಹೂತಿದ್ದವು. ಮೂವತ್ತೊಂದು ವರ್ಷ ಕಾಟಾದ ಕೆಳಗೆ ಗೋಣಿಚೀಲ ಬಿಡದವನು, ಮನುಷ್ಯರನ್ನು ತೂಗುವ ಕಡೆ ಇಡೀ ಸೀಸನ್ ಜಮಖಾನ ಹಾಸಿದ್ದೆ.

ನಾಯಕ ನನ್ನನ್ನು ನೋಡಿದ. ‘ಕಾಕಾ, ನೀವು ತೂಕದವರು. ನೀವು ಹೇಳಿ. ನಾನು ಹೆಚ್ಚಿದ್ದೇನಾ?’

ನನ್ನ ಬಾಯಿ ಏಳಲಿಲ್ಲ. ಯಾಕೆ ಏಳಲಿಲ್ಲ ಎಂಬುದನ್ನು ಬಹಳ ಸಲ ಯೋಚಿಸಿದ್ದೇನೆ. ಎಲ್ಲರ ಮುಂದೆ ನನ್ನ ಹೆಂಡತಿಯ ಜಮಖಾನವನ್ನು ಕಳ್ಳಮಾಲಿನಂತೆ ಎಳೆದು ಹಾಕುತ್ತಾರೆ ಎಂದು ಅನಿಸಿತು. ಹಿಂದಿನ ತೂಕಗಳಿಗೆಲ್ಲ ನನ್ನ ಸಹಿ ಇದೆ ಎಂದೂ ಅನಿಸಿತು. ಎರಡರಲ್ಲಿ ಯಾವುದು ಮೊದಲು ಅನಿಸಿತೋ ಹೇಳಲಾರೆ. ಅಧಿಕಾರಿ ಪಟ್ಟಿಯನ್ನು ನನ್ನ ಮುಂದೆ ಹಿಡಿದು, ಅಂಕಿ ನೋಡಿದಿರಲ್ಲ ಎಂದು ಕೇಳಿದರು.

‘ನೋಡೀನ್ರಿ’ ಎಂದೆ. ಅದು ಸುಳ್ಳಲ್ಲ. ಸಹಿ ಹಾಕಿದೆ.

ಆಟ ಶುರುವಾಗಿ ಸ್ವಲ್ಪ ಹೊತ್ತಿನ ಮೇಲೆ ಅಧಿಕಾರಿಯ ಬಳಿಗೆ ಹೋಗಿ ಜಮಖಾನದ ಮಾತು ಹೇಳಿದೆ. ಅವರು ಸಿಟ್ಟಾಗಲಿಲ್ಲ. ‘ಕಾಕಾ, ಎದುರಿನವರೂ ಅದರ ಮ್ಯಾಲೇ ನಿಂತಾರ್ರಿ. ಅದು ತಪ್ಪಂದ್ರ ಎಲ್ಲಾರದೂ ತಪ್ಪು. ಸಹಿ ನಿಮ್ಮದ ಐತಿ’ ಎಂದರು.

ಅವತ್ತು ನಮ್ಮ ತಂಡ ಗೆದ್ದಿತು. ಊರಲ್ಲಿ ಆಡಿದ ಪಂದ್ಯಗಳಲ್ಲಿ ಅದೊಂದೇ. ನಾಯಕನ ಜಾಗದಲ್ಲಿ ಆಡಿದ ಹರಿಯಾಣದ ಹುಡುಗ ಕಡೆಯ ದಾಳಿಗಾರನ ಕಣಕಾಲು ಹಿಡಿದ. ಜನ ಒಳಗೆ ನುಗ್ಗಿ ಅವನನ್ನು ಎತ್ತಿಕೊಂಡರು, ಸಾಹುಕಾರರು ತಂಡ ಇಲ್ಲಿಯೇ ಇರುತ್ತದೆ ಎಂದು ಮೈಕಿನಲ್ಲಿ ಹೇಳಿದರು. ನಾಯಕ ಕುರ್ಚಿಯ ಮೇಲೆ ಅಂಗಿಯ ಗುಂಡಿ ಕೊರಳತನಕ ಹಾಕಿಕೊಂಡು ಕೂತಿದ್ದ, ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದ. ಸಂಜೆಯೊಳಗೆ ಮ್ಯಾನೇಜರ್ ಅವನ ಕರಾರು ಮುಗಿಸಿದ.

ಮರುದಿನ ಬೆಳಿಗ್ಗೆ ಹುಬ್ಬಳ್ಳಿ ಬಸ್ಸಿನ ಹೊತ್ತಿಗೆ ನಾನು ಸ್ಟ್ಯಾಂಡಿಗೆ ಹೋದೆ. ಅವನು ಚೀಲದ ಮೇಲೆ ಕೂತು ಚಹಾದ ಜೊತೆ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದ, ಎರಡನೆಯ ತಾಟು. ಎಲ್ಲ ಹೇಳಿದೆ: ಜಮಖಾನ, ಸುಕ್ಕು, ನಾನು ನೋಡಿದ್ದು, ನೋಡಿ ಸುಮ್ಮನಿದ್ದದ್ದು. ಅವನು ತಿನ್ನುವುದನ್ನು ನಿಲ್ಲಿಸಿದ.

‘ಹಾಗಾದರೆ ನಾನು ಕಮ್ಮಿ ಇದ್ದೆನಾ ಕಾಕಾ?’

‘ಗೊತ್ತಿಲ್ಲಪಾ. ಕಮ್ಮಿ ಇದ್ದಿರಬಹುದು. ಹೆಚ್ಚೂ ಇದ್ದಿರಬಹುದು.’

‘ಮೊದಲ ದಿನ?’

‘ಅದೂ ಗೊತ್ತಿಲ್ಲ.’

ಅವನು ತಾಟನ್ನು ಕೆಳಗಿಟ್ಟ. ಆಮೇಲೆ, ಹೋಳಿಗೆಯ ಮಾತು ಮನೆಯಲ್ಲಿ ಎತ್ತಬೇಡಿ, ಅವರಿಗೆ ಬೇಸರವಾದೀತು ಎಂದ. ಬಸ್ಸು ಬಂತು.

ಮನೆಗೆ ಬಂದು ನಾನು ಅದೇ ಥರದ ಯಂತ್ರವೊಂದನ್ನು ಔಷಧಿ ಅಂಗಡಿಯಿಂದ ಕೇಳಿ ತಂದೆ. ಮಾರುಕಟ್ಟೆಯಿಂದ ಇಪ್ಪತ್ತು ಕಿಲೋದ ನಾಲ್ಕು ತೂಕದ ಕಲ್ಲು, ಐದು ಕಿಲೋದ ಒಂದು. ಬರೀ ನೆಲದ ಮೇಲೆ ಎಂಬತ್ತೈದು, ಪ್ರತಿ ಸಲವೂ. ಜಮಖಾನದ ಮೇಲೆ ಇಟ್ಟಾಗ ಒಮ್ಮೆ ಮುನ್ನೂರು ಗ್ರಾಂ ಕಡಿಮೆ, ಒಮ್ಮೆ ಇನ್ನೂರು ಹೆಚ್ಚು, ಒಮ್ಮೆ ಸರಿಯಾಗಿ ಎಂಬತ್ತೈದು. ಹನ್ನೊಂದು ಸಲ ಇಟ್ಟೆ. ಹೆಂಡತಿ ಮಗ್ಗದ ಮುಂದಿನಿಂದ ಎದ್ದು ಬಂದು, ಏನು ತೂಗುತ್ತಿದ್ದೀರಿ ಎಂದು ಕೇಳಿದಳು. ಕಲ್ಲು ಎಂದೆ.

ಇಷ್ಟು ನನಗೆ ತಿಳಿದದ್ದು. ಇದನ್ನು ನೋಡಿದ ಉಳಿದವರ ಪೈಕಿ ನಮ್ಮ ಕೋಚ್ ಹೋದ ಮಳೆಗಾಲದಲ್ಲಿ ತೀರಿಕೊಂಡರು. ಎದುರು ತಂಡದ ಕೋಚ್ ಇದ್ದಾರೆ, ಆದರೆ ಅವರು ಅಂಕಿಯನ್ನು ಮಾತ್ರ ನೋಡುತ್ತಿದ್ದರು. ಅಧಿಕಾರಿ ಇದ್ದಾರೆ, ಪಟ್ಟಿ ಅವರ ಬಳಿ ಇದೆ. ಶಾಲೆಯ ಜವಾನ ನಿವೃತ್ತನಾಗಿ ಅಣ್ಣಿಗೇರಿಯಲ್ಲಿ ಮಗಳ ಮನೆಯಲ್ಲಿದ್ದಾನೆ; ಸುಕ್ಕು ಅವನಿಗೂ ಕಂಡಿತ್ತು, ಕೇಳಿದರೆ ಹೇಳುತ್ತಾನೆ. ನಾಯಕ ತನ್ನ ಊರಿನಲ್ಲಿದ್ದಾನೆ.

ಮತ್ತು ನಾನು.