ತಮಿಳಮ್ಮನ ಊರು

ಕೌದಳ್ಳಿಯ ನಮ್ಮ ಬೀದಿಯವರು ಪಕ್ಕದ ಮನೆಯಾಕೆಯನ್ನು ‘ತಮಿಳಮ್ಮ’ ಅನ್ನುತ್ತಿದ್ದರು. ತಮಿಳುನಾಡಿನಿಂದ ಮದುವೆಯಾಗಿ ಬಂದು ನಲವತ್ತು ವರ್ಷವಾದರೂ ಆ ಹೆಸರು ಹೋಗಿರಲಿಲ್ಲ. ತವರಿಗೆ ಹೋದರೆ ಅಲ್ಲಿಯವರು ‘ಕನ್ನಡದೋಳು ಬಂದ್ಲು’ ಅನ್ನುತ್ತಿದ್ದರಂತೆ. ಅದನ್ನೂ ಆಕೆ ನಗುತ್ತಲೇ ಹೇಳುತ್ತಿದ್ದಳು. ನಮ್ಮ ಮನೆಗೆ ಬಂದರೆ ನೇರ ಒಲೆಯ ಹತ್ತಿರ ಹೋಗಿ ಸಾರಿನ ಮುಚ್ಚಳ ಎತ್ತಿ ಮೂಸುವಳು.

“ಉಪ್ಪು ಆಕಿವ್ನಿ ಕಣಕ್ಕಾ, ಮುಟ್ಬ್ಯಾಡ” ಎಂದು ಅವ್ವ ಗದರಿದರೆ, “ನಾನೇನ್ ಒರಗ್ನೋಳಾ?” ಎಂದು ಇನ್ನೊಂದು ಚಿಟಿಕೆ ಹಾಕಿಯೇಬಿಡುವಳು.

ನಮ್ಮ ಬೀದಿಯಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ಕೂಲಿ ಮಾಡಿಕೊಂಡು ಓದಿದವನು. ಎಲ್ಲರ ಅರ್ಜಿ ಬರೆದುಕೊಡುವುದು ನನಗೆ ಹೆಮ್ಮೆಯೇ. ಆಕೆಯ ವೃದ್ಧಾಪ್ಯ ವೇತನದ ಅರ್ಜಿಯಲ್ಲಿ ‘ಸ್ವಂತ ಊರು’ ಎಂದಿದ್ದ ಕಡೆ, ಕೇಳದೆಯೇ ತವರೂರಿನ ಹೆಸರು ಬರೆದುಬಿಟ್ಟೆ. ಓದಿ ಹೇಳಿದಾಗ ಆಕೆಯ ನಗು ನಿಂತಿತು.

“ಆ ಊರ್ಲಿ ಕೂತ್ಕಂಡು ನಿನ್ನ ಎತ್ತಾಡುಸ್ದ್ನೇನ್ಲಾ? ನೀನು ಉಟ್ದಾಗ ಒಕ್ಳುಬಳ್ಳಿ ಕುಯ್ದೋಳು ನಾನು. ಓದಿದೋನು, ನೀನೂ ಇಂಗೇ ಬರ್ದ್ಯಲ್ಲಾ.”

“ತಪ್ಪಾಯ್ತು ದೊಡ್ಡವ್ವ” ಎಂದು ಆ ಹೆಸರನ್ನು ಹೊಡೆದುಹಾಕಿ ‘ಕೌದಳ್ಳಿ’ ಎಂದು ಬರೆದೆ. ಓದು ಬಾರದ ಆಕೆ ಹಾಳೆಯ ಮೇಲೆ ಬಗ್ಗಿ ಆ ಅಕ್ಷರಗಳನ್ನೇ ನೋಡಿದಳು.

“ವಸಿ ದಪ್ಪಕ್ಕೆ ಬರಿ ಕಣ್ಲಾ, ಆಪೀಸ್ನೋರ್ಗೂ ಕಾಣ್ಲಿ.”

ಬರೆದದ್ದರ ಮೇಲೇ ಇನ್ನೊಂದು ಸಲ, ಒತ್ತಿ ತೀಡಿದೆ.